ಕೊಸರು ಹಾಕಬೇಡಿ: ಇಂಗ್ಲೆಂಡಿನ ಹಳ್ಳಿ ತೋಟದ ಸ್ಪರ್ಧೆಗೆ ತಯಾರಾಗುವುದು ಹೇಗೆ?

ಆಗಸ್ಟ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟೂವರೆ. ಹಳ್ಳಿಯ ಹಾಲ್‌ನಲ್ಲಿ ಉದ್ದುದ್ದ ಮೇಜುಗಳಿಗೆ ಬಿಳಿ ಕಾಗದ ಹಾಸಿದ್ದಾರೆ. ಒಬ್ಬ ಅಜ್ಜ ಮೂರು ಈರುಳ್ಳಿ ಜೋಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಬಗ್ಗಿ ನೋಡಿ, ನಡುವಿನದನ್ನು ಚೂರೇ ಚೂರು ತಿರುಗಿಸುತ್ತಾರೆ. ಪಕ್ಕದ ಮೇಜಿನಲ್ಲಿ ಒಬ್ಬಾಕೆ ಒದ್ದೆ ಟವೆಲ್ ಬಿಚ್ಚಿ ಒಂದೊಂದೇ ಬೀನ್ಸ್ ತೆಗೆದಿಡುತ್ತಿದ್ದಾರೆ. ಹಾಲ್ ತುಂಬ ಸ್ವೀಟ್ ಪೀ ಹೂವಿನ ಘಮ. ಯಾರೂ ಜಾಸ್ತಿ ಮಾತಾಡುವುದಿಲ್ಲ, ಎಲ್ಲರ ಕಣ್ಣೂ ಗಡಿಯಾರದ ಮೇಲೆ.

ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಲ್ಲಿ ಬೇಸಿಗೆಯ ದೊಡ್ಡ ಹಬ್ಬ ಎಂದರೆ ಇದೇ, ಫ್ಲವರ್ ಶೋ. ಹೆಸರಿನಲ್ಲಿ ಹೂವಿದ್ದರೂ ತರಕಾರಿ, ಹಣ್ಣು, ಕೇಕ್, ಜಾಮ್, ಮಕ್ಕಳ ಕೈಕೆಲಸ ಎಲ್ಲವೂ ಇರುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ನಮ್ಮಲ್ಲಿ ಹೆಚ್ಚಿನವರು ನೋಡಲು ಹೋಗುತ್ತೇವೆ. ಇಲ್ಲಿ ನೋಡಲು ಬರುವವರೇ ಇಡುವವರು. ಕೆಲಸದ ಮೇಲೆ ಬಂದು ಇಲ್ಲಿನ ಹಳ್ಳಿಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳು ಈಗ ಸಾಕಷ್ಟಿವೆ. ಊರಿನವರ ಪರಿಚಯ ಹೇಗೆ ಮಾಡಿಕೊಳ್ಳೋದು ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ: ಈ ವರ್ಷ ಒಂದು ತಟ್ಟೆ ಇಡಿ.

ಮೊದಲು ಶೆಡ್ಯೂಲ್

ವಸಂತ ಬಂತೆಂದರೆ ಊರಿನ ಅಂಗಡಿಯಲ್ಲಿ, ಪಬ್‌ನಲ್ಲಿ ಒಂದು ಸಣ್ಣ ಪುಸ್ತಕ ಸಿಗುತ್ತದೆ. ಅದೇ ಶೆಡ್ಯೂಲ್. ಅದರಲ್ಲಿ ಸ್ಪರ್ಧೆಗಳಿಗೆಲ್ಲ ನಂಬರ್ ಕೊಟ್ಟಿರುತ್ತಾರೆ, ಒಂದೊಂದಕ್ಕೂ ಕ್ಲಾಸ್ ಎಂದು ಹೆಸರು. ‘ಮೂರು ಈರುಳ್ಳಿ, ತಲಾ 250 ಗ್ರಾಂ ಮೀರಬಾರದು.’ ‘ಐದು ಟೊಮ್ಯಾಟೊ, ತೊಟ್ಟಿನ ಸಮೇತ.’ ‘ಒಂದು ಗುಲಾಬಿ.’ ಓದಲು ಎರಡು ನಿಮಿಷ ಸಾಕು. ಆದರೆ ಪೆನ್ಸಿಲ್ ಹಿಡಿದು ಓದಿ. ಎಷ್ಟು, ಯಾವ ಅಳತೆ, ತಟ್ಟೆಯಲ್ಲೋ ಹೂದಾನಿಯಲ್ಲೋ, ಎಲ್ಲದಕ್ಕೂ ಗೆರೆ ಎಳೆಯಿರಿ.

ನನ್ನ ಮೊದಲ ವರ್ಷ ಐದು ಟೊಮ್ಯಾಟೊ ಕೇಳಿದ್ದರು. ಗಿಡದಲ್ಲಿ ಚೆಂದದ್ದು ಇನ್ನೊಂದಿತ್ತು. ತಟ್ಟೆ ತುಂಬಿ ಕಾಣಲಿ ಅಂತ ಆರು ಇಟ್ಟೆ. ಮಧ್ಯಾಹ್ನ ಬಂದು ನೋಡಿದರೆ ಕಾರ್ಡಿನ ಮೇಲೆ ಮೂರೇ ಅಕ್ಷರ: ಎನ್.ಎ.ಎಸ್. ‘ನಾಟ್ ಆ್ಯಸ್ ಶೆಡ್ಯೂಲ್’, ಅಂದರೆ ಹೇಳಿದ ಹಾಗೆ ಇಲ್ಲ. ತೀರ್ಪುಗಾರರು ಆ ತಟ್ಟೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಮ್ಮ ಸಂತೆಯಲ್ಲಿ ಕೊಸರು ಹಾಕುವುದು ಒಳ್ಳೆಯ ಗುಣ. ತೂಗಿದ ಮೇಲೆ ಇನ್ನೊಂದು ಹಿಡಿ ಸೊಪ್ಪು ಹಾಕಿದರೇ ಗಿರಾಕಿಗೆ ಸಮಾಧಾನ. ಇಲ್ಲಿ ಕೊಸರು ಹಾಕಿದರೆ ತಟ್ಟೆಯೇ ಹೊರಗೆ. ಅದು ಕಟುಕತನ ಅಲ್ಲ. ಎಲ್ಲರೂ ಐದೇ ಇಟ್ಟರೆ ಮಾತ್ರ ಒಂದು ತಟ್ಟೆಯ ಪಕ್ಕ ಇನ್ನೊಂದನ್ನು ಇಟ್ಟು ನೋಡಲು ಆಗುತ್ತದೆ, ಅಲ್ವಾ?

ಹೆಸರು ಕೊಡುವ ಫಾರಂಗೆ ಕೊನೆಯ ದಿನ ಸಾಮಾನ್ಯವಾಗಿ ಶೋಗೆ ಎರಡು ಮೂರು ದಿನ ಮೊದಲು ಇರುತ್ತದೆ. ಪ್ರವೇಶ ಶುಲ್ಕ ಪೆನ್ನಿಗಳ ಲೆಕ್ಕ. ಬಹುಮಾನದ ಹಣವೂ ಅಷ್ಟಕ್ಕಷ್ಟೆ. ಇಲ್ಲಿ ಯಾರೂ ದುಡ್ಡಿಗಾಗಿ ಇಡುವುದಿಲ್ಲ.

ಶೋ ದಿನದಿಂದ ಹಿಂದಕ್ಕೆ ಎಣಿಸಿ

ಕ್ಯಾಲೆಂಡರಿನಲ್ಲಿ ಶೋ ತಾರೀಕಿಗೆ ಸುತ್ತು ಹಾಕಿ, ಅಲ್ಲಿಂದ ಹಿಂದಕ್ಕೆ ಬನ್ನಿ. ರನ್ನರ್ ಬೀನ್ಸ್ ಬಿತ್ತಿ ಸುಮಾರು 12 ವಾರಕ್ಕೆ ಕಾಯಿ ಬರುತ್ತದೆ. ಹಾಗಾಗಿ ಆಗಸ್ಟ್ ನಡುವಿನ ಶೋಗೆ ಮೇ ನಡುವಿನಲ್ಲಿ ಬಿತ್ತನೆ. ಅದಕ್ಕೂ ಮೊದಲು ಹೊರಗೆ ಬಿತ್ತಬೇಡಿ. ಮೇ ಮೊದಲ ವಾರಗಳಲ್ಲೂ ರಾತ್ರಿ ಹಿಮ ಬಿದ್ದು ಮೊಳಕೆ ಸುಟ್ಟುಹೋಗಬಹುದು. ಈರುಳ್ಳಿಗೆ ಬೀಜ ಬಿತ್ತುವುದಕ್ಕಿಂತ ಸಣ್ಣ ಗಡ್ಡೆ ನೆಡುವುದು ಸುಲಭ. ಮಾರ್ಚ್, ಏಪ್ರಿಲ್‌ನಲ್ಲಿ ನೆಡಿ. ನಮ್ಮ ಸಾಂಬಾರ್ ಈರುಳ್ಳಿಯ ಅಣ್ಣನಂತಿರುವ ಶಾಲಟ್ ಬಗ್ಗೆ ಇಲ್ಲಿನ ಹಿರಿಯರದ್ದೊಂದು ಮಾತಿದೆ: ವರ್ಷದ ಅತಿ ಚಿಕ್ಕ ಹಗಲಿನಲ್ಲಿ ನೆಡು, ಅತಿ ಉದ್ದದ ಹಗಲಿನಲ್ಲಿ ಕೀಳು.

ಮನೆಗೆ ಹಿತ್ತಲಿಲ್ಲದವರು ಅಲಾಟ್‌ಮೆಂಟ್ ಕೇಳಬಹುದು. ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಡುವ ತರಕಾರಿ ತುಂಡುನೆಲ ಅದು. ಇದಕ್ಕೆ 1908ರ ಕಾನೂನೇ ಇದೆ. ಹಳೆಯ ಲೆಕ್ಕದಲ್ಲಿ ಒಂದು ಪೂರ್ತಿ ತುಂಡು ಸುಮಾರು 250 ಚದರ ಮೀಟರ್. ಹೊಸಬರಿಗೆ ಅರ್ಧ ತುಂಡೇ ಬೇಕಾದಷ್ಟು. ಅದೂ ಸಿಗಲಿಲ್ಲವೇ? ಬಕೆಟ್‌ನಲ್ಲಿ ಆಲೂಗಡ್ಡೆ ಬೆಳೆಯುವ ಸ್ಪರ್ಧೆ ಎಷ್ಟೋ ಕಡೆ ಇರುತ್ತದೆ. ಎಲ್ಲರಿಗೂ ಒಂದೇ ಥರದ ಬಿತ್ತನೆ ಗಡ್ಡೆ ಕೊಡುತ್ತಾರೆ. ಶೋ ದಿನ ಎಲ್ಲರೆದುರು ಬಕೆಟ್ ಮಗುಚಿ ತೂಗುತ್ತಾರೆ.

ಊರಿಂದ ಬೀಜ ತರುವ ಆಸೆ ಎಲ್ಲರಿಗೂ ಇರುತ್ತದೆ. ಬ್ಯಾಡಗಿ ಮೆಣಸಿನ ಬೀಜವನ್ನು ಸುಮ್ನೆ ಪೊಟ್ಟಣ ಕಟ್ಟಿ ಸೂಟ್‌ಕೇಸಿಗೆ ಹಾಕಬೇಡಿ. ಬಿತ್ತುವ ಬೀಜ ಬ್ರಿಟನ್ನಿಗೆ ಬರಬೇಕಾದರೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಇಲ್ಲಿನ ಅಂಗಡಿಗಳಲ್ಲೇ ಮೆಂತ್ಯ, ಕೊತ್ತಂಬರಿ, ಮೆಣಸಿನಕಾಯಿ ಬೀಜ ಸಿಗುತ್ತದೆ. ಶೆಡ್ಯೂಲ್‌ನಲ್ಲಿ ‘ಬೇರೆ ಯಾವುದೇ ತರಕಾರಿ’ ಎಂಬ ಕ್ಲಾಸ್ ಇದ್ದರೆ ಅದು ನಮ್ಮಂಥವರಿಗೇ ತೆರೆದಿಟ್ಟ ಬಾಗಿಲು.

ದೊಡ್ಡದಲ್ಲ, ಒಂದೇ ಥರದ್ದು

ಹೊಸಬರು ತಪ್ಪುವುದು ಇಲ್ಲೇ. ತೋಟದಲ್ಲಿದ್ದ ಅತಿ ದೊಡ್ಡ ಬೀಟ್‌ರೂಟ್ ಒಂದು, ಅದರ ಜೊತೆಗೆ ಸಾಧಾರಣದ್ದು ಎರಡು ತಂದಿಡುತ್ತಾರೆ. ತೀರ್ಪುಗಾರರ ಕಣ್ಣಿಗೆ ಆ ತಟ್ಟೆ ಕುಂಟಿದ ಹಾಗೆ. ಸಾಧಾರಣ ಗಾತ್ರದ ಮೂರು, ಅಕ್ಕತಂಗಿಯರ ಹಾಗೆ ಒಂದೇ ಥರ ಇದ್ದರೆ ಅದು ಗೆಲ್ಲುತ್ತದೆ. ಒಂದು ಗೆದ್ದ ತಟ್ಟೆಯ ಹಿಂದೆ ಹತ್ತಿಪ್ಪತ್ತು ಕಿತ್ತು ಹೋಲಿಸಿ ನೋಡಿದ ಕೆಲಸ ಇರುತ್ತದೆ.

ಅಳತೆಗೆ ಆಧಾರ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಕೈಪಿಡಿ. 1804ರಲ್ಲಿ ಹುಟ್ಟಿದ ಈ ಸಂಸ್ಥೆಯ ನಿಯಮಗಳನ್ನೇ ಹಳ್ಳಿಯ ಶೋಗಳೂ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತವೆ. ಉಪ್ಪಿನಕಾಯಿಗೆ ಹಾಕುವ ಶಾಲಟ್ 30 ಮಿಲಿಮೀಟರ್ ಅಡ್ಡಳತೆ ಮೀರಬಾರದು. ಚೆರಿ ಟೊಮ್ಯಾಟೊಗೆ 35 ಮಿಲಿಮೀಟರ್ ಮಿತಿ. ಬೆಂಗಳೂರಲ್ಲಿ ಝುಕಿನಿ ಅನ್ನುವ ಕೋರ್ಜೆಟ್ ಸುಮಾರು 150 ಮಿಲಿಮೀಟರ್ ಉದ್ದ ಇರಬೇಕು. ಅದು ಒಂದು ವಾರ ಮರೆತರೆ ಕೈಗಿಂತ ದಪ್ಪ ಬೆಳೆದಿರುತ್ತದೆ, ಹಾಗಾಗಿ ಕೊನೆಯ ದಿನಗಳಲ್ಲಿ ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೋಡಿ. ಕ್ಯಾರೆಟ್‌ನ ಎಲೆಗಳನ್ನು 75 ಮಿಲಿಮೀಟರ್ ಬಿಟ್ಟು ಕತ್ತರಿಸಿ ಕಟ್ಟಬೇಕು. ಒಂದು ಸ್ಕೇಲ್, ಒಂದು ಅಡುಗೆಮನೆ ತಕ್ಕಡಿ ಸಾಕು, ಬೇರೆ ಸಾಮಾನು ಬೇಡ.

ತೂಕದ್ದೇ ಸ್ಪರ್ಧೆಗಳೂ ಇವೆ, ಇಲ್ಲವೆಂದಲ್ಲ. ಉತ್ತರ ಯಾರ್ಕ್‌ಶೈರ್‌ನ ಎಗ್ಟನ್ ಬ್ರಿಜ್ ಎಂಬ ಹಳ್ಳಿಯಲ್ಲಿ 1800ರಿಂದ ಗೂಸ್‌ಬೆರಿ ಶೋ ನಡೆಯುತ್ತಿದೆ. ಇದು ನಮ್ಮ ನೆಲ್ಲಿಕಾಯಿ ಅಲ್ಲ, ಮುಳ್ಳುಗಿಡದಲ್ಲಿ ಬಿಡುವ ಬೇರೆಯೇ ಹಣ್ಣು. 2019ರಲ್ಲಿ ಅಲ್ಲಿ ತೂಗಿದ ಒಂದು ಹಣ್ಣು 64.83 ಗ್ರಾಂ ಬಂದು ವಿಶ್ವದಾಖಲೆ ಆಯಿತು. ದೊಡ್ಡ ಕೋಳಿಮೊಟ್ಟೆಯ ತೂಕ ಅದು! ಆದರೆ ಅವರದ್ದು ಎಷ್ಟೋ ವರ್ಷಗಳ ಕೃಷಿ. ಮೊದಲ ವರ್ಷಕ್ಕೆ ನೀವು ಆ ದಾರಿ ಹಿಡಿಯುವುದು ಬೇಡ.

ಶುಕ್ರವಾರ ಸಂಜೆಯ ಕೆಲಸ

ನಿಜವಾದ ಸ್ಪರ್ಧೆ ನಡೆಯುವುದು ಈ ಸಂಜೆ, ನಿಮ್ಮ ಅಡುಗೆಮನೆಯಲ್ಲಿ.

ಬೀನ್ಸನ್ನು ಕೈಯಲ್ಲಿ ಎಳೆಯಬೇಡಿ, ಕತ್ತರಿಯಲ್ಲಿ ತೊಟ್ಟಿನ ಸಮೇತ ತೆಗೆಯಿರಿ. ಎಳೆಯದಾಗಿ, ನೇರವಾಗಿ ಇರುವುದನ್ನು ಆರಿಸಿ. ಒದ್ದೆ ಬಟ್ಟೆಯಲ್ಲಿ ಸಾಲಾಗಿ ಮಲಗಿಸಿ, ಬಿಗಿಯಾಗಿ ಸುತ್ತಿಡಿ. ಸ್ವಲ್ಪ ಬಾಗಿದ್ದರೂ ಬೆಳಗಾಗುವಷ್ಟರಲ್ಲಿ ನೆಟ್ಟಗಾಗುತ್ತದೆ. ಬೇಕಾದದ್ದಕ್ಕಿಂತ ಎರಡು ಮೂರು ಹೆಚ್ಚಿಗೆ ಕೊಯ್ಯಿರಿ, ಹೊರುವಾಗ ಮುರಿಯಬಹುದು. ಕೊಸರು ಬುಟ್ಟಿಯಲ್ಲಿರಲಿ, ತಟ್ಟೆಗೆ ಬರದಿರಲಿ.

ಬಟಾಣಿ ಕಾಯಿಯ ಮೇಲೆ ಬೂದಿಯಂಥ ತೆಳು ಪದರ ಇರುತ್ತದೆ. ಬೆರಳು ತಾಗಿದರೆ ಅಳಿಸಿಹೋಗಿ ಗುರುತು ಉಳಿಯುತ್ತದೆ. ತೊಟ್ಟು ಹಿಡಿದೇ ಕತ್ತರಿಸಿ, ತೊಟ್ಟು ಹಿಡಿದೇ ಇಡಿ. ದೀಪಕ್ಕೆ ಎದುರು ಹಿಡಿದರೆ ಒಳಗೆ ಕಾಳು ತುಂಬಿದೆಯೋ ಇಲ್ಲವೋ ಗೊತ್ತಾಗುತ್ತದೆ. ಎಲ್ಲ ಗೂಡೂ ತುಂಬಿರುವ ಕಾಯಿಯೇ ಬೇಕು.

ಆಲೂಗಡ್ಡೆಯನ್ನು ಮೆತ್ತನೆಯ ಸ್ಪಂಜಿನಲ್ಲಿ ತೊಳೆಯಿರಿ. ಬ್ರಷ್ ಹಾಕಿದರೆ ಸಿಪ್ಪೆಗೆ ಗೀರು. ತೊಳೆದ ಮೇಲೆ ಬೆಳಕಿಗೆ ಬಿಟ್ಟರೆ ಹಸಿರಾಗುತ್ತದೆ, ಆದ್ದರಿಂದ ಬಟ್ಟೆ ಮುಚ್ಚಿ. ಹಾಲ್‌ನಲ್ಲಿ ಇಟ್ಟ ಮೇಲೂ ಮುಚ್ಚಿಟ್ಟಿರಿ, ಹೊರಗೆ ಹೋಗುವ ಮುನ್ನ ಮರೆಯದೆ ತೆಗೆಯಿರಿ. ಈರುಳ್ಳಿಗೆ ಬೇರನ್ನು ಬುಡಕ್ಕೆ ಸರಿಯಾಗಿ ಕತ್ತರಿಸಿ, ಒಣಗಿದ ಕುತ್ತಿಗೆಯನ್ನು ಮಡಚಿ, ಬಣ್ಣವಿಲ್ಲದ ರಾಫಿಯಾ ನಾರಿನಿಂದ ಅಚ್ಚುಕಟ್ಟಾಗಿ ಕಟ್ಟಬೇಕು. ಚೆಂದ ಕಾಣಲಿ ಅಂತ ಸಿಪ್ಪೆ ಮೇಲೆ ಸಿಪ್ಪೆ ಸುಲಿಯಬೇಡಿ. ಒಳಗಿನ ಹಸಿರು ಪದರ ಕಂಡರೆ ಅಂಕ ಹೋಯಿತು. ಹೂಗಳನ್ನು ಸಂಜೆ ತಂಪಿಗೆ ಕೊಯ್ದು ಬಕೆಟ್ ನೀರಿನಲ್ಲಿ ಕುತ್ತಿಗೆವರೆಗೆ ನಿಲ್ಲಿಸಿದರೆ ಆಯಿತು.

ಕೇಕ್ ಮತ್ತು ಚಟ್ನಿ

ತೋಟದ ಕೆಲಸ ಕೈಗೆ ಹತ್ತದವರು ಅಡುಗೆ ವಿಭಾಗಕ್ಕೆ ಬನ್ನಿ. ಇಲ್ಲಿ ಮಾತು ನಡೆಯುವುದು ವಿಮೆನ್ಸ್ ಇನ್‌ಸ್ಟಿಟ್ಯೂಟ್‌ನದ್ದು. 1897ರಲ್ಲಿ ಕೆನಡಾದಲ್ಲಿ ಶುರುವಾಗಿ, 1915ರಲ್ಲಿ ವೇಲ್ಸ್ ಮೂಲಕ ಬ್ರಿಟನ್ನಿಗೆ ಬಂದ ಮಹಿಳಾ ಸಂಘ ಅದು. ವಿಕ್ಟೋರಿಯಾ ಸ್ಪಂಜ್ ಕೇಕ್‌ಗೆ ಅವರ ಕಟ್ಟಳೆ ಕಟ್ಟುನಿಟ್ಟು. ಮೊಟ್ಟೆಯನ್ನು ಚಿಪ್ಪಿನ ಸಮೇತ ತೂಗಿ, ಅಷ್ಟೇ ತೂಕದ ಬೆಣ್ಣೆ, ಸಕ್ಕರೆ, ಹಿಟ್ಟು ಹಾಕಬೇಕು. ನಡುವೆ ರಾಸ್ಪ್‌ಬೆರಿ ಜಾಮ್ ಮಾತ್ರ, ಕ್ರೀಮ್ ಬೇಡ. ಮೇಲೆ ನುಣ್ಣನೆಯ ಸಕ್ಕರೆ ಉದುರಿಸಿದರೆ ಮುಗಿಯಿತು. ಆರಲು ಇಟ್ಟ ತಂತಿಯ ಗೀಟು ಕೇಕ್ ಮೇಲೆ ಮೂಡಿದ್ದರೂ ಅಂಕ ಕಡಿಮೆ. ಅದಕ್ಕೆ ತಂತಿಯ ಮೇಲೆ ಬಟ್ಟೆ ಹಾಸಿ.

‘ಚಟ್ನಿ’ ಎಂಬ ಕ್ಲಾಸ್ ಕಂಡು ನಮ್ಮವರಿಗೆ ಖುಷಿಯಾಗುತ್ತದೆ. ಪದ ನಮ್ಮ ದೇಶದ್ದೇ, ಪದಾರ್ಥ ಬೇರೆ. ಇವರ ಚಟ್ನಿ ಎಂದರೆ ಹಣ್ಣು, ಈರುಳ್ಳಿಯನ್ನು ವಿನೆಗರ್, ಸಕ್ಕರೆ ಹಾಕಿ ಗಂಟೆಗಟ್ಟಲೆ ಕುದಿಸಿ, ಬಾಟಲಿ ತುಂಬಿ, ಎರಡು ಮೂರು ತಿಂಗಳು ಹಳತಾಗಲು ಬಿಟ್ಟದ್ದು. ಹಾಗಾಗಿ ಆಗಸ್ಟ್ ಶೋಗೆ ಮೇ ತಿಂಗಳಲ್ಲೇ ಮಾಡಿಡಿ. ಬಾಟಲಿ ಮುಚ್ಚಳದ ಮೇಲೆ ಕಂಪನಿ ಹೆಸರು ಇರಬಾರದು. ಲೇಬಲ್ಲಿನಲ್ಲಿ ಮಾಡಿದ ತಾರೀಕು ಇರಲೇಬೇಕು.

ಮಕ್ಕಳಿದ್ದರೆ ಅವರ ವಿಭಾಗ ಬಿಡಬೇಡಿ. ತಟ್ಟೆಯಲ್ಲಿ ಪುಟ್ಟ ತೋಟ ಕಟ್ಟುವುದು ನನಗೆ ಅತ್ಯಂತ ಇಷ್ಟದ ಸ್ಪರ್ಧೆ. ಪಾಚಿಯೇ ಹುಲ್ಲು, ಕನ್ನಡಿ ಚೂರೇ ಕೆರೆ, ಬೆಂಕಿಕಡ್ಡಿಗಳೇ ಬೇಲಿ. ದಯವಿಟ್ಟು ಮಗುವಿನ ಕೈಯಲ್ಲೇ ಮಾಡಿಸಿ. ದೊಡ್ಡವರ ಕೈ ಬಿದ್ದದ್ದು ತೀರ್ಪುಗಾರರಿಗೆ ಕೂಡಲೇ ಗೊತ್ತಾಗುತ್ತದೆ, ಮಗುವಿಗಂತೂ ಗೊತ್ತೇ ಇರುತ್ತದೆ.

ಶೋ ದಿನ

ಬೆಳಿಗ್ಗೆ ಹೇಳಿದ ಹೊತ್ತಿನೊಳಗೆ ತಟ್ಟೆ ಇಟ್ಟು, ನಿಮ್ಮ ಕಾರ್ಡನ್ನು ಹೆಸರು ಕಾಣದಂತೆ ಮಗುಚಿ ಇಟ್ಟು ಹೊರಗೆ ಬನ್ನಿ. ಆಮೇಲೆ ಬಾಗಿಲು ಹಾಕುತ್ತಾರೆ. ತೀರ್ಪುಗಾರರು ಬೇರೆ ಊರಿನವರು. ಅವರು ಬೀನ್ಸ್ ಮುರಿದು ನೋಡುತ್ತಾರೆ, ಕೇಕ್ ಕತ್ತರಿಸಿ ರುಚಿ ನೋಡುತ್ತಾರೆ. ನಿಮ್ಮ ಬೀನ್ಸ್ ಮುರಿದಿದ್ದರೆ ಬೇಜಾರು ಬೇಡ, ಗಮನಿಸಿ ನೋಡಿದ್ದಾರೆ ಅಂತ ಅರ್ಥ.

ಮಧ್ಯಾಹ್ನ ಬಾಗಿಲು ತೆರೆಯುವ ಹೊತ್ತಿಗೆ ಹೊರಗಿನ ಮೈದಾನದಲ್ಲಿ ಜಾತ್ರೆಯ ಗದ್ದಲ. ಹಿತ್ತಾಳೆ ವಾದ್ಯದ ಬ್ಯಾಂಡ್, ಹಗ್ಗಜಗ್ಗಾಟ, ಚೆಂಡೆಸೆದು ತೆಂಗಿನಕಾಯಿ ಬೀಳಿಸುವ ಆಟ, ನಾಯಿಗಳ ಸ್ಪರ್ಧೆ, ಕೇಕ್ ತೂಕ ಊಹಿಸುವುದು. ಟೊಂಬೋಲಾದಲ್ಲಿ ಚೀಟಿ ಎತ್ತಿ, ಸಾಮಾನ್ಯವಾಗಿ 0 ಅಥವಾ 5ರಲ್ಲಿ ಕೊನೆಯಾಗುವ ನಂಬರಿಗೆ ಬಹುಮಾನ. ಬಂದ ಹಣ ಹಾಲ್‌ನ ಮಾಡು ರಿಪೇರಿಗೋ ಚರ್ಚಿಗೋ ಹೋಗುತ್ತದೆ. ಟೀ ಕೊಡುವ ಕಡೆ ಕಪ್ಪು ತೊಳೆಯಲು ಯಾವಾಗಲೂ ಜನ ಸಾಲದು. ಅಂಗಿಯ ತೋಳು ಮಡಚಿ ಒಂದು ಗಂಟೆ ಅಲ್ಲಿ ನಿಂತರೆ ಅರ್ಧ ಊರಿನ ಹೆಸರು ಗೊತ್ತಾಗುತ್ತದೆ.

ಆಮೇಲೆ ಹಾಲ್ ಒಳಗೆ ಹೋಗಿ, ನಿಮ್ಮ ಕಾರ್ಡ್ ನೋಡಿದ ಮೇಲೆ ಗೆದ್ದ ತಟ್ಟೆಯ ಎದುರು ನಿಂತುಕೊಳ್ಳಿ. ಅದನ್ನು ಬೆಳೆದವರು ಅಲ್ಲೇ ಎಲ್ಲೋ ಇರುತ್ತಾರೆ. ಯಾವ ತಳಿ, ಯಾವಾಗ ಬಿತ್ತಿದಿರಿ ಅಂತ ಕೇಳಿ. ಮುಚ್ಚಿಡುವವರು ಕಡಿಮೆ. ಟೊಮ್ಯಾಟೊ ಆರು ಇಟ್ಟಿದ್ದ ಆ ವರ್ಷ, ಈರುಳ್ಳಿಯ ಅಜ್ಜ ನನ್ನ ತಟ್ಟೆ ನೋಡಿ ಒಂದನ್ನು ಎತ್ತಿ ನನ್ನ ಕೈಗಿಟ್ಟು, ‘ಇದು ತಿನ್ನಲು, ಉಳಿದವು ತೋರಿಸಲು’ ಎಂದಿದ್ದರು. ಅಕ್ಟೋಬರ್‌ನಲ್ಲಿ ಸ್ವೀಟ್ ಪೀ ಬೀಜ ಬಿತ್ತುವುದನ್ನು ಹೇಳಿಕೊಟ್ಟವರೂ ಅವರೇ. ಸಣ್ಣ ಕುಂಡಗಳಲ್ಲಿ ಬಿತ್ತಿ ಚಳಿಗಾಲವಿಡೀ ಗಾಜಿನಡಿ ಇಟ್ಟು, ವಸಂತದಲ್ಲಿ ಹೊರಗೆ ನೆಡಬೇಕು. ಮುಂದಿನ ಶೋಗೆ ಅಲ್ಲಿಂದಲೇ ಶುರು.