ಬಾಲವಾಡಿಗೆ ಸೇರಿಸುವುದು ಸುಲಭ, ಜನನ ಪತ್ರದಲ್ಲೇ ಎಡವುವುದು

ಜೂನ್ ಹತ್ತಿರ ಬಂತೆಂದರೆ ಕಾರವಾರದ ಸೈಬರ್ ಅಂಗಡಿಗಳ ಮುಂದೆ ಒಂದೇ ದೃಶ್ಯ. ಕಂಕುಳಲ್ಲಿ ಮಗು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಕಾಗದ. ಬೇಕಾದ ಒಂದು ಮಾತ್ರ ಇರುವುದಿಲ್ಲ. "ಮಗೂದು ಆಧಾರ್ ಆಗ್ಲಿಲ್ಲ, ಅದ್ಕೇ ಬಾಲವಾಡಿಗೆ ಕಳಿಸ್ಲಿಲ್ಲ" ಎಂದು ವರ್ಷವಿಡೀ ಮಗುವನ್ನು ಮನೆಯಲ್ಲೇ ಇಟ್ಟುಕೊಂಡವರನ್ನು ನಾನೇ ನಾಲ್ಕೈದು ಜನ ನೋಡಿದ್ದೇನೆ. ಅವರು ಹಿಡಿದದ್ದು ತಿರುಗಾಮುರುಗಾ ದಾರಿ.

ಹೆಜ್ಜೆ 1: ಮೊದಲು ಮಗುವನ್ನು ಕಳಿಸಿ

3 ವರ್ಷ ತುಂಬಿದ ಮಗುವನ್ನು ಹತ್ತಿರದ ಅಂಗನವಾಡಿಗೆ (ನಾವು ಬಾಲವಾಡಿ ಅನ್ನುವುದು ಇದನ್ನೇ) ಕರೆದುಕೊಂಡು ಹೋಗಿ, ಅಕ್ಕೋರ, ಅಂದರೆ ಅಲ್ಲಿಯ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಿ. ಶುಲ್ಕ ಇಲ್ಲ. ಬಿಪಿಎಲ್ ಕಾರ್ಡ್, ಆದಾಯ ಪತ್ರ ಯಾವುದೂ ಬೇಡ. ಮಗುವಿನ ಆಧಾರ್ ಇಲ್ಲದಿದ್ದರೆ ತಾಯಿಯ ಆಧಾರ್ ಮೇಲೆ ದಾಖಲು ಮಾಡಿಕೊಳ್ಳುತ್ತಾರೆ. ಮಗುವಿನ ಲಸಿಕೆ ಬರೆದಿರುವ ತಾಯಿ ಕಾರ್ಡ್ ಜೊತೆಗಿರಲಿ.

ಅಲ್ಲಿ ಮಕ್ಕಳಿಗೆ ಕೊಡುವುದು ಯಾರದೋ ಧರ್ಮದ ಊಟ ಅಂತ ಸಂಕೋಚ ಪಡುವವರೂ ಇದ್ದಾರೆ. ಅದರಲ್ಲೂ ಸಿರಸಿ ಕಡೆ, ತೋಟ ಇರುವ ಮನೆಗಳಲ್ಲಿ. ಸಂಕೋಚ ಬೇಡ. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆ ಇದು, ನಡೆಯುತ್ತಿರುವುದು ನಮ್ಮ ತೆರಿಗೆಯಲ್ಲೇ. ಊಟದ ಖರ್ಚನ್ನು ಕೇಂದ್ರ, ರಾಜ್ಯ ಅರ್ಧರ್ಧ ಹಾಕುತ್ತವೆ. 3ರಿಂದ 6 ವರ್ಷದ ಮಗುವಿಗೆ ದಿನಕ್ಕೆ 8 ರೂಪಾಯಿ ಎಂದು ಕೇಂದ್ರ 2017ರಲ್ಲಿ ನಿಗದಿ ಮಾಡಿತ್ತು. ಆ ದುಡ್ಡಿಗೆ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಹಾ ಬರುವುದೂ ಕಷ್ಟ, ಅಲ್ವಾ? ಹಾಲು, ಮೊಟ್ಟೆ ರಾಜ್ಯ ಸರ್ಕಾರದ ಯೋಜನೆಗಳಿಂದ ಬರುತ್ತವೆ. ಮೊಟ್ಟೆ ತಿನ್ನದ ಮನೆಯವರು ಅಕ್ಕೋರಿಗೆ ಮೊದಲೇ ಹೇಳಿಬಿಡಿ. ಅದೊಂದು ಕಾರಣಕ್ಕೆ ಮಗುವನ್ನು ಬಿಡಿಸಬೇಡಿ.

"ಆರ್‌ಟಿಇ ಅರ್ಜಿ ಹಾಕಿಕೊಡ್ತೇವೆ, ಖಾಸಗಿ ಶಾಲೆ ಎಲ್‌ಕೆಜಿ ಫ್ರೀ" ಎಂದು ದುಡ್ಡು ಕೇಳುವವರಿಂದ ದೂರ ಇರಿ. ಖಾಸಗಿ ಶಾಲೆಗಳು ಶೇ 25 ಸೀಟನ್ನು ಬಡ ಮಕ್ಕಳಿಗೆ ಪುಕ್ಕಟೆ ಕೊಡಬೇಕೆಂಬ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ನಿಯಮವನ್ನು 2018ರ ಕೊನೆಗೆ ರಾಜ್ಯ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಸೀಟು ಕೊಡಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಸರ್ಕಾರಿ ಶಾಲೆ ಇಲ್ಲದ ಊರು ಎಲ್ಲಿದೆ ಹೇಳಿ.

ಹೆಜ್ಜೆ 2: ಜನನ ಪ್ರಮಾಣ ಪತ್ರ

ಇಲ್ಲಿ ಸ್ವಲ್ಪ ನಿಧಾನ ಓದಿ. ಎಲ್ಲರೂ ಎಡವುವುದು ಇಲ್ಲೇ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಹುಟ್ಟಿದ ದಿನದ ಪುರಾವೆ ಅಂದರೆ ಜನನ ಪತ್ರ ಒಂದೇ. ನಮ್ಮ ಕಾಲದಲ್ಲಿ ಮಾಸ್ತರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ಇಡೀ ಕ್ಲಾಸು ಒಂದೇ ದಿನ ಹುಟ್ಟಿದ ಹಾಗೆ! ನನ್ನ ದಾಖಲೆಯಲ್ಲೂ ಅದೇ ದಿನ ಇದೆ. ಈಗ ಆ ಆಟ ನಡೆಯುವುದಿಲ್ಲ.

ಮೊದಲನೇ ತಪ್ಪು, ಪತ್ರವನ್ನು ತಪ್ಪು ಊರಿನಲ್ಲಿ ಹುಡುಕುವುದು. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ, ನೀವು ವಾಸ ಇರುವಲ್ಲಿ ಅಲ್ಲ. ಕಾರವಾರದವರು ಹೆರಿಗೆಗೆ ಗೋವಾಕ್ಕೆ ಹೋಗುತ್ತಾರೆ, ಭಟ್ಕಳ-ಹೊನ್ನಾವರದವರು ಮಣಿಪಾಲಕ್ಕೆ, ಸಿರಸಿ-ಮುಂಡಗೋಡದವರು ಹುಬ್ಬಳ್ಳಿಗೆ. ಆಮೇಲೆ ಬಂದು ಇಲ್ಲಿಯ ನಗರಸಭೆಯಲ್ಲಿ ಪತ್ರ ಕೇಳಿದರೆ ಅವರಾದರೂ ಎಲ್ಲಿಂದ ಕೊಡಬೇಕು?

ಎರಡನೇ ತಪ್ಪು, ಹೆಸರಿಲ್ಲದ ಪತ್ರ. ಆಸ್ಪತ್ರೆಯಿಂದ ಮೂರನೇ ದಿನ ಮನೆಗೆ ಬರುತ್ತೇವೆ, ತೊಟ್ಟಿಲಿಗೆ ಹಾಕಿ ಹೆಸರಿಡುವುದು ಹನ್ನೆರಡನೇ ದಿನ. ಅಷ್ಟರಲ್ಲಿ ಅರ್ಜಿ ಹೋಗಿರುತ್ತದೆ. ನನ್ನ ತಮ್ಮನ ಮಗಳು ಹುಟ್ಟಿದ್ದು ಗೋವಾದ ಒಂದು ಆಸ್ಪತ್ರೆಯಲ್ಲಿ. ಅವಳ ಪತ್ರವನ್ನು ಎರಡು ವರ್ಷ ಕಪಾಟಿನಲ್ಲಿ ಜೋಪಾನ ಇಟ್ಟಿದ್ದರು. ಆಧಾರ್ ಮಾಡಿಸಲು ತೆಗೆದು ನೋಡಿದರೆ ಹೆಸರಿನ ಜಾಗದಲ್ಲಿ ಮೂರು ಅಡ್ಡಗೆರೆ! ಆಮೇಲೆ ತಮ್ಮ ಗೋವಾ ಗಡಿಯ ಮಾಜಾಳಿ ಗೇಟು ದಾಟಿ ನಾಲ್ಕು ಸಲ ಹೋಗಿಬಂದ. ಒಂದು ದಿನ ಕಚೇರಿಗೆ ರಜೆ, ಇನ್ನೊಂದು ದಿನ ತಾಯಿಯ ಸಹಿ ಬೇಕಂತೆ. ಹುಟ್ಟಿದ ಒಂದು ವರ್ಷದೊಳಗೆ ಅದೇ ನೋಂದಣಿ ಕಚೇರಿಗೆ ತಂದೆ ತಾಯಿ ಅರ್ಜಿ ಕೊಟ್ಟರೆ ಹೆಸರು ಸೇರಿಸಲು ಶುಲ್ಕವೇ ಇಲ್ಲ. ವರ್ಷ ದಾಟಿದರೆ ಶುಲ್ಕ ಕಟ್ಟಬೇಕು, 15 ವರ್ಷದವರೆಗೆ ಸೇರಿಸಬಹುದು. ಹೆರಿಗೆಗೆ ಹೋಗುವ ಮೊದಲೇ ಹೆಣ್ಣಾದರೆ ಇದು, ಗಂಡಾದರೆ ಅದು ಅಂತ ಎರಡು ಹೆಸರು ಗಟ್ಟಿ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ. ಅಜ್ಜಿ ಬೈದರೆ ಬೈಯಲಿ.

ಮೂರನೇ ತಪ್ಪು ಇಂಗ್ಲಿಷ್ ಸ್ಪೆಲ್ಲಿಂಗಿನದು. ನಮ್ಮಲ್ಲಿ ನಾಯ್ಕ ಬೇರೆ, ನಾಯಕ ಬೇರೆ. ಟೈಪ್ ಮಾಡುವವರಿಗೆ ಎರಡೂ ಒಂದೇ. ಅಪ್ಪನ ಆಧಾರಿನಲ್ಲಿ 'ಎ-ಐ-ಕೆ', ಮಗುವಿನ ಪತ್ರದಲ್ಲಿ 'ಎ-ವೈ-ಎ-ಕೆ'. ಗೌಡ, ಹೆಗಡೆಯವರಿಗೂ ಇದೇ ಪಾಡು. ತಾಯಿಯದು ಇನ್ನೂ ಫಜೀತಿ. ಆಧಾರಿನಲ್ಲಿ ತವರಿನ ಹೆಸರು, ಆಸ್ಪತ್ರೆಯಲ್ಲಿ ಬರೆಸಿದ್ದು ಗಂಡನ ಮನೆಯದು. ಹೆರಿಗೆಗೆ ಹೋಗುವಾಗ ಇಬ್ಬರ ಆಧಾರ್ ಜೆರಾಕ್ಸನ್ನೂ ಚೀಲಕ್ಕೆ ಹಾಕಿ. ಅರ್ಜಿ ತುಂಬುವವರ ಮುಂದೆ ಅದನ್ನೇ ಇಡಿ, ಬಾಯಲ್ಲಿ ಹೇಳಬೇಡಿ. ಸಹಿ ಹಾಕುವ ಮೊದಲು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ. ಹಿಂದೆ ಕ್ಯೂನಲ್ಲಿ ನಿಂತವರು ಗೊಣಗುತ್ತಾರೆ, ಗೊಣಗಲಿ ಬಿಡಿ.

ನೋಂದಣಿಯೇ ಆಗಿಲ್ಲವಾದರೆ: 21 ದಿನದೊಳಗೆ ಪುಕ್ಕಟೆ, 30 ದಿನದವರೆಗೆ ತಡದ ಶುಲ್ಕ, ವರ್ಷದೊಳಗೆ ಅಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ.

ಪತ್ರ ಕೈಗೆ ಬಂದ ಮೇಲೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಅಂಗಡಿಯವನು ತಾನಾಗಿಯೇ ಯಂತ್ರಕ್ಕೆ ತೂರಿಸಲು ಹೊರಡುತ್ತಾನೆ, ತಡೆಯಿರಿ. ನಮ್ಮ ಮಳೆಗಾಲದ ತೇವ ಒಳಗೆ ಸೇರಿದರೆ ಶಾಯಿ ಹರಡಿ ಸೀಲು ಕಾಣುವುದಿಲ್ಲ, ಬಿಡಿಸಲಿಕ್ಕೂ ಬರುವುದಿಲ್ಲ. ಸುಮ್ನೆ ಒಂದು ಫೈಲಿನಲ್ಲಿ ಹಾಕಿಡಿ.

ಹೆಜ್ಜೆ 3: ಮಗುವಿನ ಆಧಾರ್

ಜನನ ಪತ್ರ ಸರಿ ಆದ ಮೇಲೆಯೇ ಇದು. ಹೊಸದಾಗಿ ಮಾಡಿಸಲು ದುಡ್ಡಿಲ್ಲ. 5 ವರ್ಷದೊಳಗಿನವರಿಗೆ ಬೆರಳಚ್ಚು ತೆಗೆಯುವುದಿಲ್ಲ, ಫೋಟೊ ಮಾತ್ರ. ಆದರೆ ತಂದೆ ಅಥವಾ ತಾಯಿ ಆಧಾರ್ ಸಮೇತ ಜೊತೆಗಿರಲೇಬೇಕು, ಅಜ್ಜನನ್ನು ಕಳಿಸಿದರೆ ಕೆಲಸ ಆಗುವುದಿಲ್ಲ. 5 ತುಂಬಿದ ಮೇಲೆ ಬೆರಳಚ್ಚು ಕೊಡಲು ಮತ್ತೆ ಹೋಗಬೇಕು, 7ರೊಳಗೆ ಹೋದರೆ ಅದೂ ಪುಕ್ಕಟೆ.

ಹೆಜ್ಜೆ 4: ತಾಯಿಯ ಮೊಬೈಲ್ ನಂಬರ್

3 ವರ್ಷದೊಳಗಿನ ಮಗು ಇದ್ದು ಅಂಗನವಾಡಿಯಿಂದ ಮನೆಗೆ ಪುಷ್ಟಿ (ಪೌಷ್ಟಿಕ ಹಿಟ್ಟು), ರೇಷನ್ ತರುವವರಿಗೆ ಇದು ಮುಖ್ಯ. 2025ರ ಜುಲೈನಿಂದ ಅಕ್ಕೋರ ಮೊಬೈಲಿನಲ್ಲಿ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮುಖ ತೋರಿಸಿ ಒಯ್ಯಬೇಕು. ಮೊದಲ ಸಲ ಆಧಾರಿಗೆ ಜೋಡಿಸಿದ ನಂಬರಿಗೆ ಒಟಿಪಿ ಬರುತ್ತದೆ. ನಮ್ಮ ಮೀನುಗಾರರ ಮನೆಗಳಲ್ಲಿ ಆ ಸಿಮ್ ಯಾರ ಹತ್ತಿರ ಇರುತ್ತದೆ? ಗಂಡನ ಹತ್ತಿರ. ಗಂಡ ಬೋಟಿನಲ್ಲಿ. ಅಕ್ಕೋರು ಮೊಬೈಲ್ ಹಿಡಿದು ಕಾಯುತ್ತಾರೆ, ಒಟಿಪಿ ಸಮುದ್ರದ ಮೇಲೆಲ್ಲೋ ಇರುತ್ತದೆ. ತಾಯಿಯ ಆಧಾರಿಗೆ ತಾಯಿಯ ಕೈಯಲ್ಲಿರುವ ನಂಬರನ್ನೇ ಜೋಡಿಸಿ. ಘಟ್ಟದ ಮೇಲೆ ಜೋಯಿಡಾ, ಸಿದ್ದಾಪುರ ಕಡೆ ನೆಟ್‌ವರ್ಕೇ ಸಿಗದ ಕೇಂದ್ರಗಳಿವೆ. ಅಲ್ಲಿ ಅಕ್ಕೋರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಅವರೂ ಸಿಗ್ನಲ್ ಹುಡುಕಿಕೊಂಡು ರಸ್ತೆಗೆ ಓಡುವವರೇ.

ಹೆಜ್ಜೆ 5: ವಯಸ್ಸಿನ ಲೆಕ್ಕ

ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. 2025-26ರಲ್ಲಿ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು, ಅದನ್ನೇ ನಂಬಿ ಕೂರಬೇಡಿ. 2023ರ ಆಗಸ್ಟ್‌ನಲ್ಲಿ ಹುಟ್ಟಿದ ಮಗು ಒಂದನೇ ತರಗತಿಗೆ ಹೋಗುವುದು 2030ರ ಜೂನ್‌ನಲ್ಲಿ. ಹಾಗಾಗಿ ಎರಡೂವರೆ ವರ್ಷಕ್ಕೇ ದುಡ್ಡು ಕೊಟ್ಟು ನರ್ಸರಿಗೆ ಹಾಕುವ ಅವಸರ ಬೇಡ, ಅದೇ ಕ್ಲಾಸನ್ನು ಎರಡು ಸಲ ಓದಿಸಬೇಕಾದೀತು.

ಹೆಜ್ಜೆ 6: ಮೊದಲ ವಾರ

ಜೂನ್‌ನಲ್ಲಿ ಶುರು ಮಾಡಬೇಡಿ. ಜಡಿ ಮಳೆ, ವಾರಕ್ಕೆರಡು ದಿನ ಜಿಲ್ಲಾಧಿಕಾರಿಗಳ ರಜೆ, ಮಗುವಿಗೆ ರೂಢಿಯೇ ಆಗುವುದಿಲ್ಲ. ಫೆಬ್ರವರಿಯೇ ಒಳ್ಳೆಯದು. ಅಳುತ್ತದೆ, ನೀವು ಕಿಟಕಿಯಲ್ಲಿ ಇಣುಕಬೇಡಿ. ಕಾರ್ಟೂನ್ ಬ್ಯಾಗು ಬೇಡ, ಅದರ ಜಿಪ್ಪು ಹದಿನೈದು ದಿನಕ್ಕೆ ಕೀಳುತ್ತದೆ. ಒಂದು ಜೊತೆ ಚಡ್ಡಿ, ಒಂದು ಟವೆಲು, ಹೆಸರು ಬರೆದ ನೀರಿನ ಬಾಟಲಿ ಬಟ್ಟೆಯ ಚೀಲದಲ್ಲಿ ಹಾಕಿಕೊಟ್ಟರೆ ಆಯಿತು.