ಅಮೆರಿಕಕ್ಕೆ ಕರೆ ಬಂದಿದೆಯಾ? ಮೇಳದ ವೀಸಾ ಕೆಲಸ ಹೀಗೆ ಶುರು ಮಾಡಿ

ಕಡೂರು, ತರೀಕೆರೆ ಕಡೆಯ ವೀರಗಾಸೆ ಮೇಳವಿರಲಿ, ಅರಸೀಕೆರೆ ಕಡೆಯ ಮೂಡಲಪಾಯ ಯಕ್ಷಗಾನ ತಂಡವಿರಲಿ, ಅಮೆರಿಕದ ಕನ್ನಡ ಸಂಘದಿಂದ ಕರೆ ಬಂದ ಕೂಡಲೇ ಯಾರಾದರೊಬ್ಬರು ಹೇಳುತ್ತಾರೆ: "ಸುಮ್ನೆ ಟೂರಿಸ್ಟ್ ವೀಸಾ ಮಾಡಿಸಿ, ಬೇಗ ಆಗುತ್ತೆ." ಈ ಮಾತು ಕೇಳಬೇಡಿ.

ಜಾತ್ರೆಗೆ, ಉತ್ಸವಕ್ಕೆ ದುಡ್ಡು ತೆಗೆದುಕೊಂಡು ಕುಣಿಯುವವರು ಅಮೆರಿಕದ ಲೆಕ್ಕದಲ್ಲಿ ವೃತ್ತಿ ಕಲಾವಿದರು. "ಸಂಭಾವನೆ ಬೇಡ, ಟಿಕೆಟ್ ಮತ್ತು ಊಟ ಕೊಟ್ಟರೆ ಸಾಕು" ಎಂದು ಬರೆದುಕೊಟ್ಟರೂ ಅದು ಬದಲಾಗುವುದಿಲ್ಲ. ಪ್ರವಾಸಿ ವೀಸಾದಲ್ಲಿ ವೇದಿಕೆ ಹತ್ತಬಹುದಾದವರು ಊರಲ್ಲೂ ದುಡ್ಡು ಪಡೆಯದೆ ಕುಣಿಯುವ ಹವ್ಯಾಸಿಗಳು ಮಾತ್ರ.

ಯಾವ ವೀಸಾ?

ಮೂರು ಹೆಸರು ಕಿವಿಗೆ ಬೀಳುತ್ತವೆ. ಓ-1 ಅಸಾಧಾರಣ ಸಾಧನೆ ಮಾಡಿದ ಒಬ್ಬೊಬ್ಬರಿಗೆ. ಪಿ-1 ಹಲವು ದೇಶಗಳಲ್ಲಿ ಹೆಸರು ಮಾಡಿದ ತಂಡಗಳಿಗೆ, ಕ್ರೀಡಾಪಟುಗಳಿಗೆ. ನಮ್ಮ ಜನಪದ ಮೇಳಗಳಿಗೆ ಹೊಂದುವುದು ಪಿ-3. ಇದಕ್ಕೆ ಲೋಕಪ್ರಸಿದ್ಧಿ ಬೇಕಿಲ್ಲ. ಕಲೆ ಒಂದು ಸಮುದಾಯದ ಸ್ವಂತದ್ದು, ಪರಂಪರೆಯಿಂದ ಬಂದದ್ದು ಎಂದು ತೋರಿಸಬೇಕು, ಅಷ್ಟೇ. ಆದರೆ ಒಂದು ಷರತ್ತಿದೆ: ಅಲ್ಲಿ ಕೊಡುವ ಎಲ್ಲ ಕಾರ್ಯಕ್ರಮವೂ ಆ ಕಲೆಯದ್ದೇ ಆಗಿರಬೇಕು. ವೀರಗಾಸೆ ಮುಗಿಸಿ ಸಿನಿಮಾ ಹಾಡಿಗೂ ಎರಡು ಹೆಜ್ಜೆ ಹಾಕಿ ಎಂದು ಸಂಘದವರು ಕೇಳಿದರೆ ಬೇಡವೆನ್ನಿ.

 

ಅರ್ಜಿ ಹಾಕುವವರು ನೀವಲ್ಲ

ಮೊದಲ ಅರ್ಜಿಯ ಹೆಸರು ಐ-129. ಅದನ್ನು ಅಮೆರಿಕದಲ್ಲಿರುವ ಸಂಘವೋ ಏಜೆಂಟೋ ಅಲ್ಲಿನ ವಲಸೆ ಇಲಾಖೆಗೆ ಸಲ್ಲಿಸಬೇಕು. ಕಾರ್ಯಕ್ರಮಕ್ಕೆ ಒಂದು ವರ್ಷ ಮುಂಚೆಯೇ ಹಾಕಬಹುದು. ಒಂದು ಅರ್ಜಿಯಲ್ಲಿ ಹೆಚ್ಚೆಂದರೆ 25 ಹೆಸರು. 2024ರ ಏಪ್ರಿಲ್‌ನಲ್ಲಿ ಶುಲ್ಕ 1,015 ಡಾಲರ್ ಆಯಿತು, ಲಾಭಕ್ಕಲ್ಲದ ಸಂಸ್ಥೆಗಳಿಗೆ 510. ಈ ದರ ಆಗಾಗ ಬದಲಾಗುತ್ತದೆ, ಹಾಕುವ ದಿನ ನೋಡಿಕೊಳ್ಳಲಿ. ಎರಡು ಮೂರು ಊರುಗಳ ಸಂಘಗಳು ಸೇರಿ ಕರೆಸುತ್ತಿದ್ದರೆ ಯಾರು ಅರ್ಜಿ ಹಾಕುತ್ತಾರೆ ಎನ್ನುವುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಎಲ್ಲ ಊರು, ಎಲ್ಲ ತಾರೀಖು ಪಟ್ಟಿಯಲ್ಲಿರಬೇಕು. ಅಲ್ಲಿನ ಕಲಾವಿದರ ಕಾರ್ಮಿಕ ಸಂಘಟನೆಯೊಂದರ ಅಭಿಪ್ರಾಯ ಪತ್ರವನ್ನೂ ಅರ್ಜಿ ಹಾಕುವವರೇ ತರಿಸಬೇಕು.

ಮೇಳದ ಯಜಮಾನರು ಬಣ್ಣ ಹಚ್ಚುವವರನ್ನು, ಸಾಮಾನು ನೋಡಿಕೊಳ್ಳುವವರನ್ನು ಮರೆಯುವುದು ಜಾಸ್ತಿ. ಅವರಿಗೆ ಸಹಾಯಕರ ವರ್ಗದಲ್ಲಿ ಬೇರೆ ಅರ್ಜಿಯೇ ಬೇಕು. ಕೊನೆ ಗಳಿಗೆಯಲ್ಲಿ ಕಲಾವಿದರೊಬ್ಬರಿಗೆ ಹುಷಾರು ತಪ್ಪಿದರೆ, ಸಂಘದ ಪತ್ರ ಮತ್ತು ಮಂಜೂರಾತಿ ಪ್ರತಿ ಕೊಟ್ಟು ವೀಸಾ ಕೊಡುವ ಅಮೆರಿಕದ ಕಾನ್ಸುಲೇಟಿನಲ್ಲಿ ಬದಲಿ ಹೆಸರು ಕೇಳಬಹುದು. ಸಹಾಯಕರಿಗೆ ಆ ಅನುಕೂಲ ಇಲ್ಲ.

ಊರಲ್ಲಿ ಕೂತು ಮಾಡಬೇಕಾದ್ದು

ನಿಜವಾದ ಶ್ರಮ ಇಲ್ಲಿದೆ. ಅಪ್ಪ, ತಾತನ ಕಾಲದಿಂದ ಕುಣಿದರೂ ಕಾಗದದ ಮೇಲೆ ಏನೂ ಇಲ್ಲದ ಮೇಳಗಳೇ ನಮ್ಮಲ್ಲಿ ಹೆಚ್ಚು, ಅಲ್ವಾ? ಹಳೆಯ ಪತ್ರಿಕೆ ತುಣುಕು, ಜಾತ್ರೆಯ ಕರಪತ್ರ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಪ್ರಮಾಣಪತ್ರ, ದಿನಾಂಕವಿರುವ ಫೋಟೋ, ವಿಡಿಯೊ ಎಲ್ಲ ಒಟ್ಟುಮಾಡಿ. ಕನ್ನಡದ್ದೆಲ್ಲ ಪೂರ್ತಿ ಇಂಗ್ಲಿಷಿಗೆ ಆಗಬೇಕು. ಅನುವಾದ ಮಾಡಿದವರು "ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಾಗಿದೆ" ಎಂದು ಬರೆದು ಸಹಿ ಹಾಕಬೇಕು.

ಇದಕ್ಕಿಂತ ತೂಕದ್ದು ತಜ್ಞರ ಪತ್ರ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ಅಧ್ಯಾಪಕರನ್ನೋ ಜಾನಪದ ಅಕಾಡೆಮಿಯಲ್ಲಿದ್ದವರನ್ನೋ ಕೇಳಿ. "ಒಳ್ಳೆಯ ತಂಡ, ಶುಭವಾಗಲಿ" ಎನ್ನುವ ಪತ್ರ ಉಪಯೋಗಕ್ಕೆ ಬರುವುದಿಲ್ಲ. ವೀರಭದ್ರನ ಕಥೆ ಏನು, ಕುಣಿತದ ನಡುವೆ ಒಡಪಿನ ಸಾಲು ಯಾಕೆ ಹೇಳುತ್ತಾರೆ, ಕರಡೆ, ಸಂಬಾಳ ವಾದ್ಯಗಳ ಪಾತ್ರವೇನು, ಈ ಮೇಳ ಯಾರಿಂದ ಕಲಿತದ್ದು, ಇದನ್ನು ಹೇಳಲು ಪತ್ರ ಬರೆಯುವವರಿಗೆ ಏನು ಅರ್ಹತೆ ಎಂಬುದೆಲ್ಲ ಅದರಲ್ಲಿರಬೇಕು.

ಪಾಸ್‌ಪೋರ್ಟ್ ಇಲ್ಲದವರು ಹಾಸನದ ಅಂಚೆ ಕಚೇರಿಯಲ್ಲಿರುವ ಸೇವಾ ಕೇಂದ್ರದಲ್ಲಿ ಮಾಡಿಸಿಕೊಳ್ಳಬಹುದು. 36 ಪುಟದ್ದಕ್ಕೆ 1,500 ರೂಪಾಯಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿಮಾಡಿಸಿ.

ಸಂದರ್ಶನ

ಐ-129 ಮಂಜೂರಾದ ಮೇಲೆ ಪ್ರತಿಯೊಬ್ಬರೂ ಡಿಎಸ್-160 ಎಂಬ ಆನ್‌ಲೈನ್ ವೀಸಾ ಅರ್ಜಿ ತುಂಬಿ, ವೀಸಾ ಶುಲ್ಕ ಕಟ್ಟಬೇಕು. ಇದು 2023ರ ಜೂನ್‌ನಿಂದ ತಲಾ 205 ಡಾಲರ್. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದಾಗ ಅಲ್ಲಿ ವೀಸಾ ಕೆಲಸ ಶುರುವಾಗಿರಲಿಲ್ಲ. ನಮ್ಮವರು ಚೆನ್ನೈಗೇ ಹೋಗುತ್ತಿದ್ದರು. ಜಾಗ ಯಾವುದೆಂದು ಸ್ಲಾಟ್ ಹಿಡಿಯುವಾಗ ನೋಡಿಕೊಳ್ಳಿ.

ವಾಪಸ್ ಬರುತ್ತೀರಿ ಎನ್ನುವುದು ವೀಸಾ ಅಧಿಕಾರಿಗಳಿಗೆ ಖಾತ್ರಿಯಾಗಬೇಕು. ಪಹಣಿ, ತೋಟದ ಕಾಗದ, ಮಕ್ಕಳ ಶಾಲೆಯ ರಸೀದಿ ಜೊತೆಗಿರಲಿ. ಕಲೆಯ ಬಗ್ಗೆ ಕೇಳಿದರೆ ಒಡಪನ್ನೇ ಹೇಳಿಬಿಡಿ, ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. "ಇನ್ನೊಬ್ಬನನ್ನು ತಾಳದವನೆಂದು ಸೇರಿಸಿ, ಲಕ್ಷಗಟ್ಟಲೆ ಕೊಡುತ್ತೇನೆ" ಎಂದು ಬರುವವರನ್ನು ಹತ್ತಿರ ಸೇರಿಸಬೇಡಿ. ಒಬ್ಬ ಸಿಕ್ಕಿಬಿದ್ದರೆ ಇಡೀ ಮೇಳಕ್ಕೆ ಪೆಟ್ಟು.

ಹೊರಡುವ ಮುನ್ನ

ಕತ್ತಿ, ಹಲಗೆ ಕೈಚೀಲದಲ್ಲಿ ಬೇಡ, ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ನವಿಲುಗರಿಯನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ವೇಷದಲ್ಲಿದ್ದರೆ ತೆಗೆದಿಡಿ. ಸಂಭಾವನೆಯ ಮಾತು ಆಡುವಾಗ, ಅಲ್ಲಿ ಸಾಮಾನ್ಯವಾಗಿ ಶೇ 30ರಷ್ಟು ತೆರಿಗೆ ಹಿಡಿಯುತ್ತಾರೆ ಎನ್ನುವುದು ನೆನಪಿರಲಿ. ಕೈಗೆಷ್ಟು ಬರುತ್ತದೆ ಎಂದೇ ಕೇಳಿ. ಅವಧಿಗೆ ಮುಂಚೆ ಕರೆಸಿದವರೇ ಕೆಲಸ ನಿಲ್ಲಿಸಿದರೆ ವಾಪಸ್ ಟಿಕೆಟ್ ಕೊಡುವುದು ಅವರ ಹೊಣೆ. ಇದನ್ನು ಒಪ್ಪಂದದಲ್ಲೂ ಬರೆಸಿಕೊಳ್ಳಿ. ಅಲ್ಲಿ ಇಳಿದ ದಿನವೇ ಆನ್‌ಲೈನ್‌ನಲ್ಲಿ ಪ್ರತಿಯೊಬ್ಬರ ಐ-94, ಅಂದರೆ ದೇಶದೊಳಗೆ ಬಂದ ದಾಖಲೆ, ತೆಗೆದು ನೋಡಿ. ಎಷ್ಟು ದಿನ ಇರಬಹುದು ಎನ್ನುವುದನ್ನು ಹೇಳುವುದು ಅದರ ತಾರೀಖು, ವೀಸಾ ಸ್ಟಿಕ್ಕರ್‌ನದ್ದಲ್ಲ.