ನೆತ್ತಿಗೆ ತಾಗದ ನೆರಳು: ಕೂದಲು ನೆಡಿಸಿಕೊಂಡು ಟೊಮೆಟೊ ತೋಟದಲ್ಲಿ ಕಳೆದ ಬೇಸಿಗೆ

ಮಾರ್ಚ್‌ನಲ್ಲಿ ಕೂದಲಿನ ಟ್ರಾನ್ಸ್‌ಪ್ಲಾಂಟ್ ಬೇಡ ಅಂತ ಹೇಳದವರೇ ಇರಲಿಲ್ಲ. ನಮ್ಮ ಭಾವ ಅಂತೂ "ತೋಟ ಮಾಡೋನಿಗೆ ಬೇಸಿಗೆಯಲ್ಲಿ ಇದೆಲ್ಲ ಆಗೋ ಮಾತಲ್ಲ ಕಣೋ, ದುಡ್ಡು ಬಿಸಿಲಿಗೆ ಹಾಕ್ದಂಗೆ" ಅಂದಿದ್ದರು. ನನಗೆ ಬೇರೆ ದಾರಿ ಇರಲಿಲ್ಲ. ತಮ್ಮನ ಮದುವೆ 2025ರ ಮಾಘದಲ್ಲಿ ಅಂತ ಗಟ್ಟಿಯಾಗಿತ್ತು, ಕೂದಲು ಚೆನ್ನಾಗಿ ಬರೋಕೆ ಹತ್ತು ಹನ್ನೊಂದು ತಿಂಗಳಾದರೂ ಬೇಕು, ಲೆಕ್ಕ ಹಾಕಿದರೆ 2024ರ ಮಾರ್ಚ್ ಬಿಟ್ಟರೆ ಇಲ್ಲ. ಆ ಬೇಸಿಗೆ ನಮ್ಮ ಕೋಲಾರದಲ್ಲಿ ಸುಡು ಬಿಸಿಲು. ಅದರಲ್ಲೇ ತೋಟ ಮಾಡಿದೆ, ನೆತ್ತಿಯನ್ನೂ ಉಳಿಸಿಕೊಂಡೆ. ಹೇಗೆ ಅಂತ ಬರೀತಿದ್ದೇನೆ.

ಮೊದಲು ಹಾಳು ಮಾಡಿಕೊಂಡಿದ್ದನ್ನು ಹೇಳಬೇಕು. 2022ರ ಫೆಬ್ರವರಿಯಲ್ಲಿ ತಲೆಯ ಮುಂಭಾಗಕ್ಕೆ ಕೂದಲು ನೆಡಿಸೋ ಮೊದಲ ಸಿಟ್ಟಿಂಗ್ ಮಾಡಿಸಿದ್ದೆ. ಬೆಂಗಳೂರಿನಲ್ಲಿ, ಎಫ್‌ಯುಇ (ತಲೆಯ ಹಿಂಭಾಗದಿಂದ ಕೂದಲನ್ನು ಬೇರು ಸಮೇತ ಒಂದೊಂದಾಗಿ ತೆಗೆದು ನೆಡೋದು), ಸುಮಾರು 2,000 ಗ್ರಾಫ್ಟ್ (ಹಾಗೆ ನೆಡೋ ಬೇರು), ಔಷಧಿ ಎಲ್ಲ ಸೇರಿ 70 ಸಾವಿರದ ಹತ್ತಿರ. ಹಕ್ಕಳೆ ಹನ್ನೆರಡನೇ ದಿನಕ್ಕೆ ಉದುರಿತು. ಬಿಸಿಲಿಗೆ ಏನು ಮಾಡೋದು ಅಂತ ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ ಟೋಪಿ ಹಾಕ್ಕೊಳ್ಳಿ ಸರ್ ಸಾಕು ಅಂದ. ಟೋಪಿ ಹಾಕಿದೆ. ಮುಂದಿನ ಅಂಚು, ಅದೇ ಹೊಸ ಗ್ರಾಫ್ಟ್ ಇರೋ ಜಾಗ, ಉಜ್ಜಿ ಉಜ್ಜಿ ಕೆಂಪಾಯಿತು. ಟೋಪಿ ಬಿಟ್ಟು ತೆಳು ಟವಲ್ ಹೊದ್ದುಕೊಂಡೆ. ಇಪ್ಪತ್ತನೇ ದಿನವೋ ಏನೋ, ಟೊಮೆಟೊ ಲೋಡ್ ಜೊತೆ ಎಪಿಎಂಸಿಗೆ ಹೋಗಿ ಹರಾಜು ಮುಗಿಯೋವರೆಗೂ ಎರಡು ಗಂಟೆ ಬಯಲಲ್ಲಿ ನಿಂತಿದ್ದೆ. ಒಂದು ಚೂರೂ ಉರಿಯಲಿಲ್ಲ. ರಾತ್ರಿ ಕನ್ನಡಿ ನೋಡಿದರೆ ಹಣೆಯ ಮೇಲಿಂದ ಹಿಂದಕ್ಕೆ ಹಣ್ಣು ಟೊಮೆಟೊ ಥರ ಕೆಂಪು.

ಯಾಕೆ ಉರಿಯಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಆಪರೇಷನ್ ಆದ ಜಾಗ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಜೋಮು ಹಿಡಿದಂತೆ ಇರುತ್ತೆ, ಮುಟ್ಟಿದರೂ ಸರಿಯಾಗಿ ಗೊತ್ತಾಗಲ್ಲ. ನೆಡಿಸಿಕೊಂಡವರಿಗೆ ಅದು ಗೊತ್ತಿರುವ ವಿಷಯವೇ, ಆದರೆ ಬಿಸಿಲಿನ ಜೊತೆ ಸೇರಿಸಿ ಯಾರೂ ಯೋಚನೆ ಮಾಡಲ್ಲ. ಅದರ ಮೇಲೆ ನಮ್ಮ ಕೋಲಾರ ಎತ್ತರದ ಊರು, 800 ಮೀಟರ್ ಮೇಲೆ. ಬೆಳಿಗ್ಗೆ ಗಾಳಿ ತಣ್ಣಗೆ ಬೀಸ್ತಿದ್ದರೆ ಬಿಸಿಲೇ ಇಲ್ಲ ಅನ್ನಿಸುತ್ತೆ. ಮೋಡ ಇದ್ದರೂ ಸುಡುತ್ತೆ. ಒಟ್ಟಿನಲ್ಲಿ ನೆತ್ತಿ ಸುಡ್ತಿದೆಯೋ ಇಲ್ಲವೋ ಅಂತ ನೆತ್ತಿಯನ್ನೇ ಕೇಳೋಕಾಗಲ್ಲ. ಬೇರೆ ಏನಾದರೂ ನೋಡಿ ತಿಳ್ಕೋಬೇಕು.

ಸುಟ್ಟ ಮೇಲೆ ಇನ್ನೊಂದು ತಪ್ಪು ಮಾಡಿದೆ. ಅಂಗಡಿಯಿಂದ ಸನ್‌ಸ್ಕ್ರೀನ್ ತಂದು ಬಳಿದೆ, ಇನ್ನೂ ಒಂದು ತಿಂಗಳು ಆಗಿರಲಿಲ್ಲ. ಸಣ್ಣ ಸಣ್ಣ ಕೀವಿನ ಗುಳ್ಳೆ ಎದ್ದವು. ಡಾಕ್ಟರ್ ಚೆನ್ನಾಗಿ ಬೈದರು, ನಾನು ಹೇಳೋವರೆಗೂ ಅಲ್ಲಿಗೆ ಏನೂ ಹಚ್ಚಬಾರದು ಅಂದರು. ಗ್ರಾಫ್ಟ್ ಹೋಗಲಿಲ್ಲ, ಆದರೆ ಹಣೆಯಂಚಿನಲ್ಲಿ ಕಪ್ಪು ಕಲೆ ನಾಲ್ಕೈದು ತಿಂಗಳು ಹಾಗೇ ಇತ್ತು. ಮೂರು ಟೋಪಿ, ಮೂರು ಟ್ಯೂಬು, ಕಲೆಗೆ ಕ್ರೀಮು, ಗುಳ್ಳೆಗೆ ಮಾತ್ರೆ, ಓಡಾಟ, ಎಲ್ಲ ಸೇರಿ ಆರೇಳು ಸಾವಿರ ದಂಡ.

ಎರಡನೇ ಸಿಟ್ಟಿಂಗ್, ಅದೇ 2024ರ ಮಾರ್ಚ್‌ನದು, ನೆತ್ತಿಗೆ. 1,400 ಗ್ರಾಫ್ಟ್, 55 ಸಾವಿರ. ದುಡ್ಡು 2023ರ ಜುಲೈನದು, ಟೊಮೆಟೊ ಬಾಕ್ಸಿಗೆ 2,000 ರೂಪಾಯಿ ದಾಟಿತ್ತಲ್ಲ, ಆಗಲೇ ಎತ್ತಿಟ್ಟಿದ್ದೆ. ಈ ಸಲ ಆಪರೇಷನ್‌ಗೆ ಒಂದು ತಿಂಗಳು ಮೊದಲೇ ನೆರಳಿನ ಕೆಲಸ ಶುರು ಮಾಡಿದೆ.

ನಮ್ಮಮ್ಮ ಅರಿಶಿನದ ಬಟ್ಟೆ ಒಗೆದಾಗೆಲ್ಲ ಬಿಸಿಲಿಗೆ ಹಾಕ್ತಾರೆ, ಸೋಪಿಗೆ ಹೋಗದ ಹಳದಿ ಬಿಸಿಲಿಗೆ ಹೋಗುತ್ತೆ. ಅದನ್ನು ನೋಡ್ತಾ ಹೊಳೆಯಿತು, ಹಳದಿ ಹೋದರೆ ಅಲ್ಲಿಗೆ ಬಿಸಿಲು ತಾಗಿದೆ ಅಂತ ಅರ್ಥ. ಹಳೇ ಬಿಳಿ ಪಂಚೆ ಹರಿದು ಎರಡು ಬೆರಳಗಲದ ಪಟ್ಟಿ ಮಾಡಿ, ಅರಿಶಿನದ ನೀರಲ್ಲಿ ಕುದಿಸಿ, ನೆರಳಲ್ಲಿ ಒಣಗಿಸಿದೆ. ಎಲ್ಲಾ ಪಟ್ಟಿಗೂ ಹಳದಿ ಒಂದೇ ಸಮ ಹಿಡಿಯೋಕೆ ನೀರಿಗೆ ಇನ್ನೊಂದು ವಸ್ತು ಹಾಕ್ತೇನೆ, ಅದು ನನ್ನ ಹತ್ತಿರವೇ ಇರಲಿ. ಆಮೇಲೆ ತಾರಸಿ ಮೇಲೆ ಸಾಲಾಗಿ ಇಟ್ಟೆ: ಒಂದು ಬರೀ ಬಿಸಿಲಿಗೆ, ಒಂದು ಬಿಳಿ ಪಂಚೆ ಕೆಳಗೆ, ಒಂದು ಒಣ ಟವಲ್ ಕೆಳಗೆ, ಒಂದು ಒದ್ದೆ ಟವಲ್ ಕೆಳಗೆ, ಒಂದು 50 ಪರ್ಸೆಂಟ್ ಶೇಡ್ ನೆಟ್ (ಅರ್ಧ ಬಿಸಿಲು ತಡೆಯೋ ಬಲೆ) ಕೆಳಗೆ, ಒಂದು ಕಪ್ಪು ಛತ್ರಿ ಬಟ್ಟೆ ಕೆಳಗೆ. ಬರೀ ಬಿಸಿಲಿನದು ಸಂಜೆಗೇ ಪೇಲವ. ಪಂಚೆ, ಶೇಡ್ ನೆಟ್ ಎರಡು ದಿನಕ್ಕೆ ಮುಗಿದವು. ಒದ್ದೆ ಟವಲ್ ಕೆಳಗಿನದು ಒಣ ಟವಲ್‌ಗಿಂತ ಬೇಗ ಹೋಯಿತು! ತಂಪಾಗಿರುತ್ತೆ ಅಂತ ನಾವು ತಲೆಗೆ ಒದ್ದೆ ಟವಲ್ ಹಾಕ್ಕೋತೀವಲ್ಲ, ಹತ್ತಿ ಬಟ್ಟೆ ನೆಂದರೆ ಬಿಸಿಲನ್ನು ಜಾಸ್ತಿ ಒಳಗೆ ಬಿಡುತ್ತೆ. ಕಪ್ಪು ಛತ್ರಿ ಬಟ್ಟೆ ಕೆಳಗಿನದು ಮಾತ್ರ ಆರನೇ ದಿನವೂ ಹಳದಿಯಾಗೇ ಇತ್ತು.

ಛತ್ರಿಯೇ ಸರಿ ಅಂತಾಯಿತು. ಆದರೆ ಕೈಯಲ್ಲಿ ಹಿಡಿದು ತೋಟದ ಕೆಲಸ ಆಗಲ್ಲ, ತಲೆಗೆ ಕಟ್ಟೋದು ಬೇಡವೇ ಬೇಡ. ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಔಷಧಿ ಹೊಡೆಯೋ ಕ್ಯಾನ್ ಇತ್ತು, ಅದರ ಬೆನ್ನಿನ ಬೆಲ್ಟ್ ಬಿಚ್ಚಿ ಹಲಗೆಗೆ ಹಾಕಿದೆ, ಹಲಗೆಗೆ ಒಂದಿಂಚಿನ ಪಿವಿಸಿ ಪೈಪು ಕ್ಲಾಂಪ್ ಮಾಡಿ ಅದರೊಳಗೆ ಛತ್ರಿಯ ಕೋಲು ಇಳಿಸಿದೆ. ತಲೆಗೂ ಛತ್ರಿಗೂ ಒಂದು ಗೇಣು ಅಂತರ. ತೂಕ ಎರಡು ಕೆಜಿಯೂ ಇಲ್ಲ. ಮೊದಲನೇ ದಿನವೇ ಗಾಳಿಗೆ ಉಲ್ಟಾ ಆಗಿ ಎರಡು ಕಡ್ಡಿ ಮುರಿಯಿತು. ಮಧ್ಯೆ ಗಾಳಿ ಹೋಗೋಕೆ ಜಾಗ ಬಿಟ್ಟಿರುವ ಎರಡು ಪದರದ ದೊಡ್ಡ ಛತ್ರಿ ಬರುತ್ತಲ್ಲ, 450 ಕೊಟ್ಟು ಅದನ್ನು ತಂದೆ. ಸಾಲಿನೊಳಗೆ ಬಗ್ಗಿದರೆ ಟೊಮೆಟೊ ಕೋಲಿಗೂ ದಾರಕ್ಕೂ ಸಿಕ್ಕಿಹಾಕಿಕೊಳ್ತಿತ್ತು. ಅದಕ್ಕೆ ಪೈಪಿನಲ್ಲಿ ಒಂದು ಜಾಯಿಂಟ್ ಮಾಡಿದ್ದೇನೆ, ನಾನು ಬಗ್ಗಿದರೂ ಛತ್ರಿ ನೆಟ್ಟಗೇ ನಿಲ್ಲುತ್ತೆ. ಹೇಗೆ ಅಂತ ಬರೆಯಲ್ಲ, ಮನೆಗೆ ಬಂದವರಿಗೆ ತೋರಿಸ್ತೇನೆ.

ಇಷ್ಟಾದರೂ ಒಂದು ಕಾಟ ಉಳಿದಿತ್ತು. ನೆತ್ತಿಯ ಪಕ್ಕ ಬರುವಂತೆ ಛತ್ರಿ ಕೋಲಿಗೆ ಅರಿಶಿನದ ಪಟ್ಟಿ ಕಟ್ಟಿಕೊಂಡು ತೋಟದಲ್ಲಿ ಓಡಾಡಿದೆ, ಆಪರೇಷನ್‌ಗೆ ಮೊದಲು. ಮೂರೇ ದಿನಕ್ಕೆ ಪೇಲವ! ತಾರಸಿಯಲ್ಲಿ ಆರು ದಿನ ಉಳಿದಿದ್ದು ಇಲ್ಲಿ ಯಾಕೆ ಹೋಯಿತು ಅಂತ ತಲೆ ಕೆಟ್ಟು ಹೋಯಿತು. ಒಂದು ಮಧ್ಯಾಹ್ನ ಸಾಲಿನಲ್ಲಿ ನಿಂತು ಮೇಲೆ ನೋಡಿದೆ. ಹೊಸ ಛತ್ರಿಯ ಒಳಮೈ ಬೆಳ್ಳಿ ಬಣ್ಣದ್ದು, ಫಳಫಳ ಹೊಳೀತಿದೆ. ಕೆಳಗೆ ಗಿಡದ ಸಾಲಿಗೆ ಹಾಸಿರೋ ಪ್ಲಾಸ್ಟಿಕ್ ಹಾಳೆ, ಅದೇ ಮಲ್ಚಿಂಗ್ ಪೇಪರ್, ಅದು ಕೂಡ ಬೆಳ್ಳಿ ಬಣ್ಣದ್ದೇ ಅಲ್ವಾ. ಬಿಸಿಲು ನೆಲದ ಪೇಪರಿಗೆ ಬಿದ್ದು, ಅಲ್ಲಿಂದ ಛತ್ರಿಯ ಹೊಟ್ಟೆಗೆ ಹೋಗಿ, ತಿರುಗಿ ನೇರ ನೆತ್ತಿಗೆ ಬರ್ತಿದೆ. ದರ್ಜಿಯ ಹತ್ತಿರ ಒಳಗಡೆ ಮಂದ ಕಪ್ಪು ಬಟ್ಟೆ ಹಾಕಿಸಿದೆ, ಸುತ್ತ ಒಂದು ಗೇಣು ಉದ್ದದ ಝಾಲರಿ ಥರ ಇಳಿಬಿಡಿಸಿದೆ, ಬೆಳಿಗ್ಗೆ ಸಂಜೆ ಓರೆ ಬಿಸಿಲಿಗೆ ಅದು ಬೇಕೇ ಬೇಕು. ಕೂಲಿ, ಬಟ್ಟೆ ಸೇರಿ 180. ಅಲ್ಲಿಂದ ಪಟ್ಟಿ ಎಂಟು ದಿನ ಕಟ್ಟಿದರೂ ಹಳದಿ ಕದಲಲಿಲ್ಲ. ಪೂರ್ತಿ ಖರ್ಚು 750ರೊಳಗೆ, ಮುರಿದ ಛತ್ರಿ ಬಿಟ್ಟು.

ಆಪರೇಷನ್ ಆದ ಮೇಲೆ ಹತ್ತು ದಿನ ಮನೆ ಬಿಟ್ಟು ಕದಲಲಿಲ್ಲ, ಅದಕ್ಕೆ ಯಾವ ಛತ್ರಿಯೂ ಬದಲಿಯಲ್ಲ. ಹಕ್ಕಳೆ ಉದುರಿ ಡಾಕ್ಟರ್ ನೋಡಿ ಒಪ್ಪಿದ ಮೇಲೆ ತೋಟಕ್ಕೆ ಇಳಿದೆ, ಬೆಳಿಗ್ಗೆ ಒಂಬತ್ತೂವರೆವರೆಗೆ, ಸಂಜೆ ನಾಲ್ಕೂವರೆ ಮೇಲೆ. ಒಂದು ತಿಂಗಳು ಗಾಡಿ ಓಡಿಸಲಿಲ್ಲ, ಹೆಲ್ಮೆಟ್ ತಲೆಗೆ ಉಜ್ಜುತ್ತೆ, ಹೆಲ್ಮೆಟ್ ಇಲ್ಲದೆ ಹೋಗೋದು ಸರಿಯಲ್ಲ. ಬೆಂಗಳೂರಿಗೆ ಚೆಕಪ್‌ಗೆ ಬೆಳಿಗ್ಗೆ ಬಸ್ಸಲ್ಲಿ ಹೋದರೆ ಬಲಗಡೆ ಸೀಟು ಹಿಡೀತಿದ್ದೆ, ಆ ಕಡೆ ಬಿಸಿಲು ಕಡಿಮೆ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಮಾತ್ರ ಛತ್ರಿ ಇದ್ದರೂ ಹೊರಗೆ ಹೋಗಲಿಲ್ಲ. ಆಗ ನಮ್ಮ ಕಡೆ ಸೂರ್ಯ ನೇರ ನೆತ್ತಿ ಮೇಲೆ ಬರ್ತಾನೆ, ನಿಂತವನ ನೆರಳು ಕಾಲ ಕೆಳಗೇ ಬೀಳುತ್ತೆ. ಆರನೇ ವಾರದಿಂದ ಡಾಕ್ಟರ್ ಹೇಳಿದ ಮೇಲೆ ಜೆಲ್ ಥರದ ಸನ್‌ಸ್ಕ್ರೀನ್ ಶುರು ಮಾಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ನೆಟ್ಟ ಕೂದಲು ಹೆಚ್ಚಿನವರಿಗೆ ಉದುರೋ ಹಾಗೆ ಮೊದಲು ಉದುರಿತು, ಬೇರು ಒಳಗಿದ್ದು ಆಮೇಲೆ ಮತ್ತೆ ಬರುತ್ತೆ. ಆಗ ನೆತ್ತಿ ಬರಿದಾಗಿ ಬಿಸಿಲು ಇನ್ನೂ ಜಾಸ್ತಿ ತಾಗುತ್ತೆ, ಕೆಲವರು ಇನ್ನೇನು ಉದುರಿತಲ್ಲ ಅಂತ ಆಗಲೇ ನೆರಳು ಬಿಟ್ಟುಬಿಡ್ತಾರೆ, ಬಿಡಬೇಡಿ. ನಾನು ನಾಲ್ಕು ತಿಂಗಳು ಛತ್ರಿ ಹೊತ್ತೆ.

ಮೊದಲ ವಾರ ಕೂಲಿಗೆ ಬರೋ ಹೆಂಗಸರು ನಕ್ಕರು. ಮೇ ಬರೋ ಹೊತ್ತಿಗೆ "ಅಣ್ಣಾ, ನಮಗೂ ಒಂದು ಮಾಡಿಸ್ಕೊಡಿ" ಅಂದರು, ಎರಡು ಮಾಡಿಸಿದೆ. ಕೆಂಪು ಐದಾರು ವಾರಕ್ಕೆ ಹೋಯಿತು, ಕಪ್ಪು ಕಲೆ ಒಂದೂ ಇಲ್ಲ. ಡಾಕ್ಟರ್ ಲೆನ್ಸ್ ಹಿಡಿದು ನೋಡಿ, ತೋಟದ ಕೆಲಸ ನಿಲ್ಲಿಸಿದ್ರಾ ಅಂತ ಕೇಳಿದರು. ನಿಲ್ಲಿಸಿಲ್ಲ ಅಂದು ಫೋನಲ್ಲಿ ಛತ್ರಿಯ ಫೋಟೋ ತೋರಿಸಿದೆ. ಮದುವೆಯಲ್ಲಿ ಭಾವ ನನ್ನ ಹಿಂದೆ ಬಂದು ನಿಂತು ನೆತ್ತಿ ನೋಡಿ, "ಆಯ್ತಪ್ಪ, ನೀನು ಹೇಳಿದ್ದೇ ಸರಿ" ಅಂದರು.

ಈಗ ಆ ಛತ್ರಿ ಮಂಡಿಯಲ್ಲಿ ಲೆಕ್ಕ ಬರೆಯೋ ಹುಡುಗನ ಹತ್ತಿರ ಇದೆ. ಅವನು ಕೂದಲು ನೆಡಿಸಿಕೊಂಡು ಇವತ್ತಿಗೆ ಹದಿನಾರನೇ ದಿನ. ಅರಿಶಿನದ ಮೂರು ಪಟ್ಟಿ ಕಟ್ಟಿಕೊಟ್ಟಿದ್ದೇನೆ, ಭಾನುವಾರ ತಂದು ತೋರಿಸ್ತಾನೆ.